ಹರಿಹರದ ಅಕ್ಕ, ನನ್ನ ಗುಳಿಗೆ

ಅಕ್ಕನ ಹಣೆಯ ವಿಭೂತಿ ಹರಿಹರದಿಂದ ದಾವಣಗೆರೆಗೆ ಬರುವಷ್ಟರಲ್ಲಿ ಬಸ್ಸಿನ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿರುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ಮುಂದೆ ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಸೆರಗಿನಿಂದ ಮೊದಲು ಅವರ ಮುಖ ಒರೆಸಿ, ಆಮೇಲೆ ತನ್ನದು ಒರೆಸಿಕೊಳ್ಳುತ್ತಿದ್ದಳು. ಗಂಡ ಮಾತಾಡುತ್ತಿರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಅಕ್ಕನೇ ಆಡಿ, ಮಿಕ್ಕಿದ್ದನ್ನು ಸರದಿಯಲ್ಲಿದ್ದ ನಮಗೆಲ್ಲ ಹಂಚುತ್ತಿದ್ದಳು.

ನಾನೂ ಅಲ್ಲಿನ ರೋಗಿಯೇ. ಶಾಮನೂರಿನಲ್ಲಿ ಜಂಪರ್ ಹೊಲಿಯುವವಳು. ಒಂದು ಗುಳಿಗೆ ನನ್ನನ್ನು ಮತ್ತೆ ಮನುಷ್ಯರ ಸಾಲಿಗೆ ತಂದಿತ್ತು. ಆಸ್ಪತ್ರೆಗೆ ಸೇರಿದ್ದಾಗ ಸರ್ಕಾರದ ವಿಮೆ ಕಾರ್ಡಿನಲ್ಲಿ ಅದು ಸಿಕ್ಕಿತು. ಮನೆಗೆ ಕಳಿಸಿದ ಮೇಲೆ, ಉಚಿತ ಔಷಧಿಗಳ ಪಟ್ಟಿಯಲ್ಲಿ ಅದಿಲ್ಲವೆಂದು ಬೇರೊಂದನ್ನು ಕೊಟ್ಟರು. ಹೊರಗೆ ಕೊಳ್ಳುವ ತಾಕತ್ತು ನನಗಿರಲಿಲ್ಲ. ಬದಲಿ ಗುಳಿಗೆಗೆ ತಲೆಯೊಳಗಿನ ಗದ್ದಲವೇನೋ ನಿಂತಿತು, ಆದರೆ ಕೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸಲಾಗದವಳಿಗೆ ಬಟ್ಟೆ ಯಾರು ಕೊಡುತ್ತಾರೆ? ಆದರೂ ಡಾಕ್ಟರು ಕೇಳಿದಾಗಲೆಲ್ಲ "ಆರಾಮ್ ಸರ್" ಎಂದು ಬರುತ್ತಿದ್ದೆ. ನಮ್ಮ ಸರದಿಯಲ್ಲಿ ಎಲ್ಲರೂ ಹಾಗೇ. ತೊಂದರೆ ಹೇಳಿಕೊಂಡರೆ ರೋಗ ಹೆಚ್ಚಾಯಿತೆಂದು ಡೋಸ್ ಏರಿಸುತ್ತಾರೆ ಎಂಬ ಭಯ.

ಒಂದು ದಿನ ಅಕ್ಕ ನನ್ನ ಕೈ ನೋಡಿಬಿಟ್ಟಳು. "ಇದಕ್ಕ ಆರಾಮ್ ಅಂತಾರೇನೇ?" ಎಂದು ಗದರಿ, ಗುಳಿಗೆ ಬದಲಾದ ಕತೆಯನ್ನೆಲ್ಲ ಬಾಯಿಬಿಡಿಸಿ, ಕ್ಯಾಂಟೀನಿನಿಂದ ತುಂಬಿದ ಚಹದ ಲೋಟ ತಂದು, ನನ್ನ ಹಿಂದೆಯೇ ಒಳಗೆ ನುಗ್ಗಿದಳು.

"ಹಿಡಿ. ಸಾಹೇಬ್ರ ಮುಂದ ಕುಡಿ."

ಅರ್ಧ ಚಹ ಡಾಕ್ಟರ ಮೇಜಿನ ಮೇಲೆ ಚೆಲ್ಲಿತು. ನಾಚಿಕೆಗೆ ನನಗೆ ಅಳುವೇ ಬಂತು. ಅಕ್ಕ ಮೇಜು ಒರೆಸುತ್ತ, "ನೋಡ್ರಿ, ಹೊಲಿಯೋ ಕೈ ಐತೆ ಇದು. ಮೊದಲಿನ ಗುಳಿಗೀನೇ ಬೇಕು ಇವ್ಳಿಗೆ. ಹೆಂಗೆ ತರಿಸ್ತೀರಿ, ನೀವೇ ಹೇಳ್ರಿ" ಎಂದಳು. ಡಾಕ್ಟರು ಒಳ್ಳೆಯವರು. "ಮೊದಲೇ ಹೇಳಬಾರದೇನಮ್ಮಾ?" ಎಂದು, ಆಸ್ಪತ್ರೆಯೇ ಹೊರಗಿನಿಂದ ಕೊಂಡು ಕೊಡುವಂತೆ ಮೇಲಿನವರಿಗೆ ಬರೆದರು.

ತಿಂಗಳುಗಟ್ಟಲೆ ಓಡಾಡಿದ ಮೇಲೆ ಗುಳಿಗೆ ಬಂತು. ಅಲ್ಲಿಯವರೆಗೆ ಔಷಧಿ ಕೌಂಟರಿನಲ್ಲಿ ಅದು ಬಂತೇ ಎಂದು ನನಗಿಂತ ಮೊದಲು ಕೇಳುತ್ತಿದ್ದವಳು ಅಕ್ಕ. ಅವಳ ಗಂಡನಿಗೆ ಪಟ್ಟಿಯಲ್ಲಿದ್ದ ಗುಳಿಗೆಯೇ ಒಗ್ಗಿತ್ತು. "ನಿನಗ್ಯಾಕ ಅಕ್ಕಾ ಈ ಉಸಾಬರಿ?" ಎಂದರೆ, "ನೀ ಹೊಲಿದ ಜಂಪರ್ ಹಾಕ್ಕೊಂಡು ಮೆರೀಬೇಕಲ್ಲ" ಎಂದು ನಗುತ್ತಿದ್ದಳು. ಹೊಲಿದುಕೊಟ್ಟೆ. ತೋಳು ಬಿಗಿಯಾಯಿತೆಂದು ಬೈದು, ಮುಂದಿನ ಸಲ ಅದನ್ನೇ ಹಾಕಿಕೊಂಡು ಬಂದಳು.

ಮೊನ್ನೆ ಅಕ್ಕನ ಗಂಡ ಒಬ್ಬರೇ ಬೆಂಚಿನ ತುದಿಯಲ್ಲಿ ಕೂತಿದ್ದರು. ಅಂಗಿಯ ಗುಂಡಿಗಳನ್ನು ತಪ್ಪು ಕಾಜಿಗೆ ಹಾಕಿಕೊಂಡಿದ್ದರು.

"ಅಕ್ಕ ಎಲ್ರಿ?"

"ಹೋದ್ಲು" ಎಂದರು.

ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಯಾವಾಗ, ಏನಾಗಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನನಗೆ ಅಕ್ಕ ಬೇಕಿತ್ತು. ಒಮ್ಮೆ ಬಂದು ಬೈದು ಹೋದರೂ ಸಾಕಿತ್ತು.

ಅವರ ಹೆಸರು ಕೂಗಿದರು. ಎದ್ದವರು ಎದ್ದಲ್ಲೇ ನಿಂತರು. ಕೈ ಹಿಡಿದು ಒಳಗೆ ಕರೆದೊಯ್ದೆ. ಅಲ್ಲಿ ಹೊಸ ಡಾಕ್ಟರು. ಹೇಗಿದ್ದೀರಿ ಎಂದು ಅವರನ್ನು ಕೇಳಿದರು. ನಾನೇ ಹೇಳಿದೆ: ಅಕ್ಕ ತೀರಿಕೊಂಡದ್ದು, ಇವರ ಕಣ್ಣಲ್ಲಿ ನಿದ್ದೆಯಿಲ್ಲದ್ದು, ಈ ಗುಳಿಗೆ ಇವರಿಗೆ ಒಗ್ಗಿದೆ, ದಯವಿಟ್ಟು ಬದಲಿಸಬೇಡಿ ಎಂಬುದು.

ಡಾಕ್ಟರು ತಲೆಯೆತ್ತಿ, "ನೀವು ಇವರಿಗೆ ಏನಾಗಬೇಕು?" ಎಂದರು.

"ಇವ್ರ ಹೆಂಡ್ತಿ ತಂಗಿ ರೀ" ಎಂದೆ.