ಟೀಚರ್ ಬರುತ್ತಿದ್ದ ಭಾನುವಾರಗಳು

ನಮ್ಮ ಟೀಚರ್ ಕಾಲು ಎಷ್ಟು ಊದಿರುತ್ತಿತ್ತೆಂದರೆ, ಬಾಗಿಲಲ್ಲಿ ಚಪ್ಪಲಿ ಕಳಚಿದ ಮೇಲೂ ಪಟ್ಟಿಯ ಗುರುತು ಪಾದದಲ್ಲಿ ಹಳ್ಳ ಬಿದ್ದಂತೆ ಹಾಗೇ ಉಳಿಯುತ್ತಿತ್ತು. ಜೋಗೇಶ್ವರಿಯಲ್ಲಿ ವಠಾರದಂಥ ನಮ್ಮ ಚಾಳಿನ ಕಡಿದಾದ ಮೆಟ್ಟಿಲು ಹತ್ತಿ ಬಂದು, ಕಬ್ಬಿಣದ ಮಂಚದ ತುದಿಗೆ ಕುಸಿದು, "ಅಬ್ಬ ದೇವರೇ, ಸಾಕಾಯ್ತು" ಎನ್ನುತ್ತಿದ್ದರು.

ಸನ್ಮಾನದ ಸಭೆಗಳಲ್ಲಿ ಛಲ, ಸಾಧನೆ ಎಂದು ಯಾರಾದರೂ ಗಂಟಲು ಹರಿದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಏನು ಕಂಡಿದ್ದಾರೆ ಇವರು, ಮಣ್ಣು! ನಾನು ಕಂಡ ಛಲಕ್ಕೆ ಮಂಡಿನೋವಿತ್ತು, ಏದುಸಿರಿತ್ತು.

ಹನ್ನೆರಡನೇ ಕ್ಲಾಸು ಮುಗಿದ ಕೂಡಲೇ ಅಪ್ಪ ನನ್ನ ಓದು ನಿಲ್ಲಿಸಿದ್ದ. ನಾವು ವಿಜಯಪುರದ ಕಡೆಯವರು. ಅಪ್ಪನ ಬಾಯಿಂದ ಒಮ್ಮೆ 'ಇಲ್ಲ' ಬಂತೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗದು. ಕನ್ನಡ ಶಾಲೆಯಲ್ಲಿ ನನಗೆ ಕಲಿಸಿದ್ದ ಟೀಚರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮುಲುಂಡಿನ ತಮ್ಮ ಮನೆಯಿಂದ ಹೊರಟು, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಭಾನುವಾರ ಬಂತೆಂದರೆ ಅವರು ಹಾಜರು. ಅಮ್ಮನ ಬೆನ್ನುನೋವು ವಿಚಾರಿಸುವರು, ಜೋಳದ ಹಿಟ್ಟು ಎಲ್ಲಿ ಒಳ್ಳೆಯದು ಸಿಗುತ್ತದೆಂದು ಕೇಳುವರು, ಚಹಾ ಕುಡಿದು ನನ್ನನ್ನೊಮ್ಮೆ ನೋಡಿ ಎದ್ದು ಹೋಗುವರು. ಕಾಲೇಜಿನ ಮಾತೇ ಇಲ್ಲ. ಅತ್ತ ಪ್ರವೇಶದ ಗಡುವು ಹತ್ತಿರ ಬರುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಒಂದು ಸಲ ಮೆಟ್ಟಿಲ ತನಕ ಬಿಡಲು ಹೋದವಳು ಜಗಳಕ್ಕೇ ನಿಂತೆ. "ಯಾಕ ಸುಮ್ನ ಕೂಡ್ತೀರಿ ಟೀಚರ್? ಒಮ್ಮೆ ಬಾಯಿಬಿಟ್ಟು ಕೇಳ್ರಲಾ!"

"ಕೇಳಿದ್ರೆ ಇಲ್ಲ ಅಂತಾರೆ ಮಾರಾಯ್ತಿ. ಆಮೇಲೆ ನಾನು ಯಾವ ಮುಖ ಇಟ್ಕೊಂಡು ಬರುದು?" ಎಂದು ಕಂಬಿ ಹಿಡಿದು ಇಳಿದರು.

ನಮ್ಮ ಕಡೆ, ಬೆಳೆದ ಹೆಣ್ಣಿರುವ ಮನೆಗೆ ಹೆಂಗಸೊಬ್ಬಳು ಪದೇ ಪದೇ ಬಂದು, ವಿಷಯ ಹೇಳದೆ ಹುಡುಗಿಯನ್ನು ನೋಡಿ ಹೋದರೆ ಅದಕ್ಕೆ ಒಂದೇ ಅರ್ಥ: ಸಂಬಂಧ ತಂದಿದ್ದಾಳೆ. ಅಮ್ಮ ಚಹಾದ ಜೊತೆ ಶಿರಾ ಮಾಡತೊಡಗಿದಳು. ಹೀಗಿರುವಾಗ ಒಂದು ಭಾನುವಾರ ಹಳಿ ರಿಪೇರಿಯ ಮೆಗಾ ಬ್ಲಾಕ್, ಅರ್ಧಕ್ಕರ್ಧ ರೈಲು ರದ್ದು, ಮೇಲೆ ಮಳೆ. ಟೀಚರ್ ತೊಯ್ದು ತೊಪ್ಪೆಯಾಗಿ ಬಂದರು. ಅಪ್ಪನಿಗೆ ಕರುಳು ಚುರ್ರೆಂದಿರಬೇಕು.

"ಎಷ್ಟ ದಿನಾ ಅಂತ ಹಿಂಗ ಅಡ್ಡಾಡ್ತೀರಿ ಟೀಚರ್? ಸಂಕೋಚ ಬ್ಯಾಡ್ರಿ. ನೀವು ತಂದದ್ದು ಒಳ್ಳೇದ ಇರ್ತದ. ನಮ್ದು ಒಪ್ಪಿಗಿ ಅದ. ಹುಡುಗ ಏನ್ ಮಾಡ್ತಾನ?"

ಟೀಚರ್ ತಲೆ ಒರೆಸಿಕೊಳ್ಳುತ್ತಿದ್ದ ಟವೆಲ್ಲು ಇಳಿಸಿದರು. "ಯಾವ ಹುಡುಗ ಮಾರಾಯ್ರೆ? ನಾನು ಇವಳನ್ನು ಕಾಲೇಜಿಗೆ ಸೇರಿಸ್ಲಿಕ್ಕೆ ಬಂದದ್ದು. ಒಪ್ಪಿಗೆ ಅಂದ್ರಲ್ಲ, ಸಾಕು. ನಾಳೆ ಕಳಿಸಿ."

ಅಪ್ಪ ಪೆಚ್ಚಾದ. ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಂಡು ಅಪ್ಪನಿಗೆ ಅಭ್ಯಾಸವಿಲ್ಲ. "ಆತ್ ಬಿಡ್ರಿ" ಎಂದು ಛತ್ರಿಯನ್ನೂ ಹಿಡಿಯದೆ ಹೊರಗೆ ನಡೆದ.

ಈಗ ನಾನೇ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹೋದ ವರ್ಷ ಟೀಚರ್ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆ. "ನಿಮ್ಮಂಗ ಪಟ್ಟು ಹಿಡಿಯೋರು ಯಾರಿಲ್ಲ ಬಿಡ್ರಿ ಟೀಚರ್" ಎಂದೆ.

ಅವರು ದಿಂಬಿನ ಮೇಲೆಯೇ ತಲೆಯಾಡಿಸಿದರು. "ಎಂತ ಪಟ್ಟು? ಅವತ್ತು ಮಳೆಯಲ್ಲಿ ದಾದರಿನಲ್ಲಿ ನಿಂತು ನಿಂತು ಸಾಕಾಗಿತ್ತು ಮಾರಾಯ್ತಿ. ಇದೊಂದು ಸಲ ಹೋಗಿ ಬರ್ತೇನೆ, ಇನ್ನು ನನ್ನಿಂದಾಗುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಬಂದದ್ದು."

ಅದೇ ವಾರ ಅವರು ತೀರಿಕೊಂಡರು. ಅಪ್ಪ ಆ ದಿನ ಬಾಯಿ ಬಿಡದೇ ಇದ್ದಿದ್ದರೆ ಎಂದು ಪಾಠ ಹೇಳುವಾಗ ನಡುನಡುವೆ ಈಗಲೂ ನೆನೆಯುತ್ತೇನೆ.