ಉಕ್ಕಿನ ಭಾರದ ಬನ್ನು

ಓಗಿಕುಬೊ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು ನಮ್ಮ ಅನಿಮೇಷನ್ ಸ್ಟುಡಿಯೋ. ಅಲ್ಲಿ ನನ್ನ ಮೇಜಿಗೆ ಒತ್ತಿಕೊಂಡೇ ಇದ್ದದ್ದು ಹಟಾನಕ ಮೊರಿಯೊ ಅವರ ಮೇಜು. ಅವರು ಬರೆದ ಉಕ್ಕಿನ ದೈತ್ಯ ಒಂದು ಹೆಜ್ಜೆ ಇಟ್ಟರೆ ಸಾಕು, ನೋಡುವವರ ಕುರ್ಚಿ ಅಲುಗಿದಂತಾಗುತ್ತಿತ್ತು. ಮನುಷ್ಯರನ್ನು ಮಾತ್ರ ಬರೆಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, ಮನುಷ್ಯರಿಗೆ ಬೋಲ್ಟು ಎಲ್ಲಿದೆಯೋ ತಿಳಿಯುವುದಿಲ್ಲ ಎಂದು ನಕ್ಕುಬಿಡುತ್ತಿದ್ದರು.

ಆ ವರ್ಷ ನಮಗೆ ಸಿಕ್ಕಿದ್ದು ಒಂದು ವಿಚಿತ್ರ ಧಾರಾವಾಹಿ. ಉಕ್ಕಿನ ದೈತ್ಯ ಯುದ್ಧಯಂತ್ರ ನಡೆಸುವ ನಾಲ್ವರು ಹುಡುಗಿಯರು. ಕಾಳಗ ಎಷ್ಟೇ ಇರಲಿ, ಹೈಸ್ಕೂಲು ಮುಗಿಸಲೇಬೇಕೆಂದು ಸೇನೆಯ ಅಪ್ಪಣೆ. ಬೆಳಿಗ್ಗೆ ಗಣಿತದ ಪರೀಕ್ಷೆ, ಸಂಜೆ ಸಮರ. ಹಟಾನಕರಿಗೆಂದೇ ಹೇಳಿ ಮಾಡಿಸಿದ ಕೆಲಸವೆಂದು ನಾವೆಲ್ಲ ಹಿಗ್ಗಿದೆವು. ಅಷ್ಟರಲ್ಲಿ ಯಂತ್ರಗಳನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡುವುದೆಂದು ಮೇಲಿನವರು ತೀರ್ಮಾನಿಸಿದರು. ಹಟಾನಕರ ಪಾಲಿಗೆ ಉಳಿದದ್ದು ಶಾಲೆಯ ತಮಾಷೆ ದೃಶ್ಯ ಒಂದೇ. ಅದು ಕೈಗೆ ಒಗ್ಗದಿದ್ದರೆ, ಐವತ್ತು ದಾಟಿದ ಈ ವಯಸ್ಸಿನಲ್ಲಿ ಪೆನ್ಸಿಲ್ ಕೆಳಗಿಟ್ಟು ಶಿಜುವೊಕದಲ್ಲಿ ತಮ್ಮನ ಚಾಪೆ ಅಂಗಡಿ ಸೇರಬೇಕು.

ದೃಶ್ಯ ಇಷ್ಟೇ: ಮಧ್ಯಾಹ್ನ ಶಾಲೆಯ ಅಂಗಡಿಯ ಮುಂದೆ ನೂಕುನುಗ್ಗಲು. ತುಕಡಿಯ ನಾಯಕಿ ಒಳಗೆ ನುಗ್ಗಿ, ಹುರಿದ ನೂಡಲ್ಸ್ ತುಂಬಿದ ಕೊನೆಯ ಬನ್ನು ಹಿಡಿಯುತ್ತಾಳೆ. ಯಾರದೋ ಮೊಣಕೈ ತಾಗಿ ಅದು ಬಿದ್ದುಹೋಗುತ್ತದೆ. ಹಟಾನಕ ಕನ್ನಡಿಯ ಮುಂದೆ ಕೂತು ಹಲ್ಲು ಕಿರಿದರು, ಕಣ್ಣು ಹೊರಳಿಸಿದರು, ಆ ಚೇಷ್ಟೆಯನ್ನೆಲ್ಲ ನಾಯಕಿಯ ಮುಖಕ್ಕೆ ಹಚ್ಚಿದರು. ನಮ್ಮಲ್ಲಿ ಚಿತ್ರ ತಿದ್ದುವವರು ಇಸೋಬೆ ಕಿನುಯೋ. ತಪ್ಪು ಕಂಡಲ್ಲಿ ಮೇಲೊಂದು ಹಳದಿ ಹಾಳೆಯಿಟ್ಟು ಬೇರೆ ಬರೆದು ಕಳಿಸುವುದು ಅವರ ಕೆಲಸ. ಹಟಾನಕರ ಹಾಳೆಗಳ ಕಟ್ಟು ಹೂಬಿಟ್ಟ ಸಾಸಿವೆ ಹೊಲದಂತಾಗಿ ಹಿಂದಿರುಗಿತು. ಮತ್ತೆ ಬರೆದರು, ಮತ್ತೆ ಹಾಗೆಯೇ ಬಂತು.

ಇನ್ನೊಂದು ಸಲ ಕೊಟ್ಟಾಗ ಇಸೋಬೆ ನಿಂತಲ್ಲೇ ಹಾಳೆಗಳನ್ನು ಬೆರಳ ಸಂದಿಯಲ್ಲಿ ಸರಸರನೆ ತಿರುವಿದರು. ಕೊನೆಗೆ ಬಂದು ನಿಂತರು. ಮತ್ತೆ ತಿರುವಿದರು. ಆಮೇಲೆ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಕುಸಿದರು. ನಾವೆಲ್ಲ ಓಡಿಹೋಗಿ ಇಣುಕಿದೆವು. ಬನ್ನು ಬೀಳುತ್ತದೆ, ನೆಲ ತಗ್ಗಾಗುತ್ತದೆ, ಧೂಳೇಳುತ್ತದೆ, ಸುತ್ತಲಿನ ಹುಡುಗಿಯರ ಜಡೆ ಹಾರುತ್ತದೆ. ಯಂತ್ರ ಬರೆದು ಪಳಗಿದ ಹಟಾನಕರ ಕೈ ತನ್ನ ಹಳೆಯ ಚಾಳಿಯನ್ನು ಬಿಟ್ಟಿರಲಿಲ್ಲ.

"ಇದನ್ನ ಎತ್ತೋಕೆ ಕ್ರೇನ್ ತರಿಸ್ಬೇಕೇನ್ರೀ?" ಎಂದ ಬಣ್ಣ ಹಚ್ಚುವ ಒಕುಯಾಮ.

ಹಟಾನಕರ ಮುಖ ಬಿಳಿಚಿತು. "ಗೊತ್ತೇ ಆಗ್ಲಿಲ್ಲ ಮೇಡಂ. ಕೊಡಿ, ಅಳಿಸಿಬಿಡ್ತೀನಿ."

"ಬನ್ನು ಮುಟ್ಟಿದ್ರೆ ನೋಡಿ," ಎಂದರು ಇಸೋಬೆ, ಕಣ್ಣೊರೆಸಿಕೊಳ್ಳುತ್ತ. "ಅಳಿಸೋದಿದ್ರೆ ಆ ಮುಖ ಅಳಿಸಿ. ನಗಿಸ್ಬೇಕು ಅಂತ ಒದ್ದಾಡ್ತಿರೋದು ಅದೊಂದೇ. ಹಟಾನಕ ಅವ್ರೇ, ರಾತ್ರಿಯೆಲ್ಲ ಯುದ್ಧ ಮಾಡಿ ಹಸ್ಕೊಂಡು ಬಂದಿರೋ ಹುಡುಗಿ ಅವಳು, ಅವಳಿಗೆ ಆ ಬನ್ನು ನಿಜಕ್ಕೂ ಅಷ್ಟು ಭಾರ. ಅವಳಿಗೆಲ್ಲಿ ನಗು ಬರತ್ತೆ?"

ಹಟಾನಕ ಹಾಳೆಗಳನ್ನೆತ್ತಿಕೊಂಡು ಮೇಜಿಗೆ ಹೋದರು. ಅಂದು ಅವರು ಬರೆದ ಮುಖದಲ್ಲಿ ಚೇಷ್ಟೆಯ ಗೆರೆ ಒಂದೂ ಇರಲಿಲ್ಲ. ಬಿಗಿದ ತುಟಿ, ಬಿದ್ದದ್ದನ್ನೇ ನೋಡುವ ಕಣ್ಣು. ನೋಡಿದರೆ ನಗು ಬರುತ್ತಿತ್ತು, ಪಾಪ ಅನ್ನಿಸುತ್ತಲೂ ಇತ್ತು. ಅದರ ಮೇಲೆ ಹಳದಿ ಹಾಳೆ ಬೀಳಲಿಲ್ಲ.

ಮುಂದಿನ ವಾರ ಇಸೋಬೆ ತಾವೇ ಎದ್ದು ಬಂದು, ಹುಡುಗಿಯರು ತರಗತಿ ಗುಡಿಸುವ ದೃಶ್ಯವನ್ನು ಅವರ ಮುಂದಿಟ್ಟು ಹೋದರು. ಹಟಾನಕ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಉದ್ದ ಹಿಡಿಯ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದಾಗ ಯಾವ ಕೈ ಮೇಲಿರುತ್ತದೆ ಎಂದು ಕೇಳಿದರು. ನನಗೂ ತಿಳಿದಿರಲಿಲ್ಲ. ಇಬ್ಬರೂ ಮೆಟ್ಟಿಲಿಳಿದು ಪೊರಕೆ ಹುಡುಕಿಕೊಂಡು ಹೋದೆವು.