ಎಬರ್ಲಿಂಗರು ಕೇಳಿದ ಕೋಣೆ

ನಮ್ಮ ಕಣಿವೆಯಲ್ಲಿ ಚಳಿಗಾಲ ಬಂತೆಂದರೆ ಮನೆಯವರು ನೆಲಮಾಳಿಗೆಗೆ ಇಳಿಯುತ್ತಾರೆ. ಮೇಲಿನ ಕೋಣೆಗಳು ಸ್ಕೀ ಆಡಲು ಬರುವ ಅತಿಥಿಗಳಿಗೆ. ಇದಕ್ಕೆ ನಮ್ಮ ಟಿರೋಲ್ ಸೀಮೆಯ ಅತಿಥಿಸತ್ಕಾರ ಎಂದು ಹೆಸರು. ನನ್ನ ಪಕ್ಕದ ಮನೆಯ ನೊಟ್‌ಬುರ್ಗಾ, ಎಲ್ಲರ ಬಾಯಲ್ಲಿ ಬುರ್ಗಿ, ಮದುವೆಯಾಗಿ ಬಂದಾಗಿನಿಂದ ಪ್ರತಿ ಚಳಿಗಾಲವನ್ನೂ ಬಾಯ್ಲರಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಕಳೆದವಳು. ಮಗ ಫೆರ್ಡಿ ಹುಟ್ಟಿದ್ದೂ ಅಲ್ಲೇ. ಮೇಲೆ ಅತಿಥಿಗಳಿಗೆ ಎಚ್ಚರವಾದೀತೆಂದು ಅತ್ತೆ ಅವಳ ಬಾಯಿಗೆ ಟವೆಲ್ ತುರುಕಿದ್ದಳಂತೆ. ಬುರ್ಗಿ ಇದನ್ನು ನಗುತ್ತಾ ಹೇಳುತ್ತಾಳೆ. ನನಗೆ ಎಂದೂ ನಗು ಬಂದಿಲ್ಲ.

ಕಳೆದ ವಸಂತದಲ್ಲಿ ಅವಳ ಗಂಡ ರೂಪರ್ಟ್‌ಗೆ ಪಾರ್ಶ್ವವಾಯು ಬಡಿಯಿತು. ಬಡಗಿಯಾಗಿದ್ದ ಮನುಷ್ಯ, ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಎದೆಯಲ್ಲಿ ಕಫ ಬೇರೆ. ನೆಲಮಾಳಿಗೆಯ ತೇವಕ್ಕೆ ಹೋದರೆ ಬರುವ ಚಳಿಗಾಲ ದಾಟುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು. ಬುರ್ಗಿ ಅವನನ್ನು ಮೇಲೆ, ಬಾಲ್ಕನಿಯಿರುವ ದಕ್ಷಿಣದ ಕೋಣೆಯಲ್ಲಿ ಮಲಗಿಸಿದಳು.

ಎಬರ್ಲಿಂಗ್ ದಂಪತಿಗಳು ಜರ್ಮನಿಯವರು. ಪ್ರತಿ ವರ್ಷ ಕ್ರಿಸ್‌ಮಸ್ ವಾರಕ್ಕೆ ಮಕ್ಕಳು ಮೊಮ್ಮಕ್ಕಳೊಂದಿಗೆ ಬುರ್ಗಿಯ ಮನೆಗೆ ಬರುವವರು, ಅದನ್ನು ಯೋಜಿಸಲೆಂದೇ ಸೆಪ್ಟೆಂಬರಿನಲ್ಲಿ ಒಮ್ಮೆ ಬರುತ್ತಾರೆ. ಈ ಸಲ ಅವರು ಬಂದಾಗ ನಾನೂ ಅಲ್ಲಿದ್ದೆ. ಬುರ್ಗಿಯ ಅಡುಗೆಮನೆಯ ಮೇಜಿನ ಮೇಲೆ ಎಬರ್ಲಿಂಗ್ ನಕ್ಷೆ ಹರಡಿದರು. ಮೂರು ಕಣಿವೆಗಳ ಶಿಖರಗಳನ್ನೆಲ್ಲ ರೋಪ್‌ವೇ ಕಂಬಿಗಳಿಂದ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿದಿರುವ ನಕ್ಷೆ. ದನ ಮೇಯುತ್ತಿದ್ದ ಹುಲ್ಲುಗಾವಲನ್ನು ಅಗೆದು ಕೃತಕ ಹಿಮ ತಯಾರಿಸುವ ನೀರಿಗಾಗಿ ಕೊಳ ಮಾಡಿದ್ದಾರೆ. ಅದಕ್ಕೂ ನಕ್ಷೆಯಲ್ಲಿ ಚಂದದ ನೀಲಿ ಬಣ್ಣ. ಯಾವ ದಿನ ಯಾವ ಇಳಿಜಾರು, ಮೊಮ್ಮಕ್ಕಳಿಗೆ ಯಾವ ತರಬೇತಿ, ಮಧ್ಯಾಹ್ನ ಬೆಟ್ಟದ ಮೇಲಿನ ಯಾವ ಗುಡಿಸಲು ಹೋಟೆಲಿನಲ್ಲಿ ಊಟದ ಮೇಜು ಹಿಡಿಯಬೇಕು, ಒದ್ದೆ ಬೂಟು ಎಲ್ಲಿ ಒಣಗಬೇಕು. ಬುರ್ಗಿಯ ಪ್ಲಮ್ ಕೇಕನ್ನು ಅಗಿಯುತ್ತಲೇ ಎಲ್ಲವನ್ನೂ ತೀರ್ಮಾನಿಸಿದರು. ಕೇಕಿನ ಪುಡಿ ಆಲ್ಪ್ಸ್ ಪರ್ವತದ ಮೇಲೆಲ್ಲ ಉದುರುತ್ತಿತ್ತು.

ಆಮೇಲೆ ಕೋಣೆಯ ಮಾತು ಬಂತು. ದಕ್ಷಿಣದ ಕೋಣೆ ಬೇಕಂತೆ. ಮೊಮ್ಮಕ್ಕಳು ಸ್ಕೀ ಕಲಿಯುವುದನ್ನು ಹೆಂಡತಿ ಹೈಡ್ರುನ್ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ನೋಡಬೇಕಂತೆ. ಡಾಕ್ಟರ ಮಾತನ್ನು ಬುರ್ಗಿ ಮೆಲ್ಲಗೆ ಹೇಳಿದಳು.

"ಕೆಳಗೇ ಬೆಚ್ಚಗಿರತ್ತಲ್ಲ ಬುರ್ಗಿ, ಬಾಯ್ಲರ್ ಪಕ್ಕದಲ್ಲೇ," ಎಂದಳು ಹೈಡ್ರುನ್.

ರೋಪ್‌ವೇಯಲ್ಲಿ ಕೆಲಸ ಮಾಡುವ ಫೆರ್ಡಿ ಬಾಗಿಲಿಗೆ ಒರಗಿ ನಿಂತಿದ್ದ. "ಒಂದು ವಾರ ತಾನೇ ಅಮ್ಮ. ದಿನಾ ಊರಿಗೂರನ್ನೇ ಮೇಲೆ ಹತ್ತಿಸ್ತೀನಿ, ಅಪ್ಪನೊಬ್ಬನ್ನ ಕೆಳಗಿಳಿಸೋಕಾಗಲ್ವಾ?" ಎಂದು ತಾನೇ ನಕ್ಕ. ಅತಿಥಿಗಳೂ ನಕ್ಕರು.

ಯಜಮಾನನನ್ನೇ ಕೇಳೋಣ ಎಂದು ಎಬರ್ಲಿಂಗ್ ಎದ್ದರು. ಬೂಟುಕಾಲಿನಲ್ಲೇ ಎಲ್ಲರೂ ಮೇಲೆ ಹತ್ತಿದರು, ನಾನೂ ಹೋದೆ. ಅವರನ್ನು ಕಂಡೊಡನೆ ರೂಪರ್ಟ್ ಎಡಗೈಯಿಂದ ಅಂಗಿಯ ಕಾಲರು ಸರಿಮಾಡಿಕೊಳ್ಳಲು ಪರದಾಡಿದ. ವಿಷಯ ಕೇಳಿ, ಜೊಲ್ಲು ನುಂಗಿ, "ಮೇಲಿನ ಕೋಣೆ ಅತಿಥಿಗಳ್ದು. ಯಾವಾಗ್ಲೂ ಹಾಗೇ," ಎಂದ. ತನ್ನ ಸಾವಿಗೆ ತಾನೇ ಮಂಚ ಬಿಟ್ಟುಕೊಡುವಾಗ ಆ ಮುಖದಲ್ಲಿದ್ದದ್ದು ವಿನಯ. ಎಬರ್ಲಿಂಗ್ ಅವನ ಭುಜ ತಟ್ಟಿ, ಕೆಳಗೆ ಬಂದು, ಮತ್ತೆ ಊಟದ ಮೇಜಿನ ಮಾತೆತ್ತಿದರು.

ಬುರ್ಗಿ ಅವರ ಮುಂದಿದ್ದ ಅರ್ಧ ತಿಂದ ಕೇಕಿನ ತಟ್ಟೆಯನ್ನು ಎತ್ತಿಕೊಂಡು ಹೋಗಿ ತೊಳೆಯತೊಡಗಿದಳು. ಬೆನ್ನು ತಿರುಗಿಸಿಯೇ ಹೇಳಿದಳು: "ಆ ಕೋಣೆ ಕೊಡಲ್ಲ. ಈ ವರ್ಷ ಯಾವ ಕೋಣೆನೂ ಇಲ್ಲ."

"ಏನು ಬುರ್ಗಿ ನೀನು, ಎಷ್ಟು ವರ್ಷದ ಸ್ನೇಹ ನಮ್ದು," ಎಂದರು ಎಬರ್ಲಿಂಗ್.

"ಸ್ನೇಹಿತ್ರಾಗಿದ್ರೆ ನಾನೆಲ್ಲಿ ಮಲಗ್ತೀನಿ ಅಂತ ಒಂದ್ಸಲನಾದ್ರೂ ಕೇಳ್ತಿದ್ರಿ."

ನಿನಗೆ ಕೆಳಗಿರುವುದೇ ಇಷ್ಟ ಎಂದುಕೊಂಡಿದ್ದೆವು ಎಂದು ಹೈಡ್ರುನ್ ನಿಜವಾಗಿಯೂ ಆಶ್ಚರ್ಯಪಟ್ಟಳು. ನಕ್ಷೆ ಮಡಚಿಕೊಂಡು ಹೋದವರು ಅಂದೇ ಕ್ರಿಸ್‌ಮಸ್ ವಾರಕ್ಕೆ ರಸ್ತೆಯ ಎದುರಿನ ಹೋಟೆಲಿನಲ್ಲಿ ಕೋಣೆ ಹಿಡಿದರು. ಅಲ್ಲಿ ಈಜುಕೊಳವೂ ಇದೆ.

ರೂಪರ್ಟ್ ಬದುಕಿದ್ದಾನೆ. ಆದರೆ ಅಂದಿನಿಂದ ಹೆಂಡತಿಯೊಂದಿಗೆ ಮಾತು ಬಿಟ್ಟ. ಬಂದ ಅತಿಥಿಯನ್ನು ಬಾಗಿಲಿಂದ ಅಟ್ಟಿದ ಮನೆ ಎಂದು ಊರು ಆಡಿಕೊಳ್ಳುತ್ತದೆ ಎಂಬ ಕೊರಗನ್ನು ಫೆರ್ಡಿಯ ಹತ್ತಿರ ಮಾತ್ರ ತೋಡಿಕೊಂಡ. ಊರು ಆಡಿಕೊಂಡಿದ್ದೂ ನಿಜ. ಇಷ್ಟು ವರ್ಷ ಹೆಂಗಸರನ್ನು ಬಾಯ್ಲರಿನ ಪಕ್ಕ ಮಲಗಿಸಿದ್ದನ್ನು ಮಾತ್ರ ಯಾರೂ ಆಡಿಕೊಂಡಿರಲಿಲ್ಲ.

ಕ್ರಿಸ್‌ಮಸ್ ವಾರದಲ್ಲಿ ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ. ಬುರ್ಗಿ ಅವನಿಗೆ ಸೂಪು ಕುಡಿಸುತ್ತಿದ್ದಳು. ಕೋಣೆಯ ತುಂಬ ಬಿಸಿಲು. ಎದುರಿನ ಹೋಟೆಲಿನ ಬಾಲ್ಕನಿಗೆ ಎಬರ್ಲಿಂಗ್ ಬಂದು, ಇತ್ತ ನೋಡಿ, ಕೈಬೀಸಿದರು. ರೂಪರ್ಟ್ ಕಷ್ಟಪಟ್ಟು ಎಡಗೈಯೆತ್ತಿ ಬೀಸಿದ. ಆ ಮನುಷ್ಯ ಒಳಗೆ ಹೋಗುವವರೆಗೂ ಬೀಸುತ್ತಲೇ ಇದ್ದ.

ಬುರ್ಗಿ ಚಮಚ ಹಿಡಿದು ಕಾದಳು.

"ಆಯ್ತಾ? ಬಾಯಿ ತೆಗಿ," ಎಂದಳು.

ಅವನು ಅವಳ ಮುಖ ನೋಡದೆ ಬಾಯಿ ತೆಗೆದ.